ನನ್ನ ಹೆಸರಿನಲ್ಲಿ ಹೋದ ಕಾಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ. ಆದರೆ ಸಿಟ್ಟು ಮಾಡಲೇಬೇಕಾಗಿದ್ದ ಒಂದು ಮಧ್ಯಾಹ್ನ ನಾನು ಕುರಿಯ ಹಾಗೆ ತಲೆ ತಗ್ಗಿಸಿ ನಿಂತೆ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ನಾನು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಹಮಾಲನಾಗಿದ್ದೆ. ಮೆಣಸಿನಕಾಯಿ ಚೀಲಗಳನ್ನು ಲಾರಿಯಿಂದ ಇಳಿಸುವುದು, ಲಿಫ್ಟಿಗೆ ಹಾಕುವುದು, ಮೇಲಿನ ಮಹಡಿಯ ತಣ್ಣನೆಯ ಕೋಣೆಗಳಲ್ಲಿ ಒಟ್ಟುವುದು ನಮ್ಮ ಕೆಲಸ. ಸುಗ್ಗಿಯಲ್ಲಿ ಒಂದು ದಿನ ಪಾಳಿ ತಪ್ಪಿಸಿದರೆ ಮರುದಿನ ನಮ್ಮ ಜಾಗದಲ್ಲಿ ಬೇರೆಯವನು ನಿಂತಿರುತ್ತಾನೆ. ಹಾಗಾಗಿ ಅಲ್ಲೊಂದು ರೂಢಿ ಇತ್ತು. ಹಮಾಲನಿಗೆ ಬರಲಾಗದಿದ್ದರೆ ಅವನ ಮನೆಯವರೊಬ್ಬರು ಬಂದು ಚೀಲ ಹೊರುತ್ತಿದ್ದರು, ಹಾಜರಿ ಪುಸ್ತಕದಲ್ಲಿ ಮಾತ್ರ ಹಳೆಯ ಹೆಸರೇ ಬೀಳುತ್ತಿತ್ತು. ಮ್ಯಾನೇಜರನಿಗೂ ಗೊತ್ತಿತ್ತು, ಸಾವ್ಕಾರನಿಗೂ ಗೊತ್ತಿತ್ತು. ಚೀಲ ಮೇಲೇರಿದರೆ ಸಾಕು, ಬೆನ್ನು ಯಾರದಾದರೇನು? ನನ್ನ ತಮ್ಮ ಹೀಗೆ ನನ್ನ ಹೆಸರಿನಲ್ಲಿ ಬಹಳ ದಿನ ದುಡಿದಿದ್ದ.

ಅವತ್ತು ಗುತ್ತಲದಲ್ಲಿ ನನ್ನ ಹೆಂಡತಿಯ ತಂಗಿಯ ಕುಬಸ, ಅಂದರೆ ಸೀಮಂತ, ಇತ್ತು. ತಮ್ಮ ಮೈಕೈ ನೋವು ಎಂದು ಮಲಗಿದ್ದ. ನಾನೇ ಗದರಿಸಿ ಎಬ್ಬಿಸಿ ಪಾಳಿಗೆ ಕಳಿಸಿ, ಹೆಂಡತಿಯ ಜೊತೆ ಬಸ್ಸು ಹತ್ತಿದೆ. ಊಟಕ್ಕೆ ಕೂತಿದ್ದಾಗ ಫೋನ್ ಬಂತು. ಲಿಫ್ಟ್ ಜಾರಿ, ಅದಕ್ಕೂ ಗೋಡೆಗೂ ನಡುವೆ ತಮ್ಮನ ಎಡಗಾಲು ಸಿಕ್ಕಿಬಿದ್ದಿತ್ತು.

ಹಾವೇರಿಯ ಆಸ್ಪತ್ರೆಗೆ ನಾನು ಓಡಿಬಂದಾಗ ಮ್ಯಾನೇಜರ್ ಬಾಗಿಲಲ್ಲೇ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ.

"ಪುಸ್ತಕದಾಗ ನಿನ್ನ ಹೆಸರೈತಿ. ಇಲ್ಲೂ ನಿನ್ನ ಹೆಸರನ್ನ ಬರೆಸೇನಿ. ವಿಮಾದವರ ಮುಂದ ಎರಡು ಹೆಸರು ಬಂದ್ರ ನಿಮಗ ಏನೂ ಸಿಗಂಗಿಲ್ಲ. ಸುಮ್ನ ಹೂಂ ಅನ್ನು."

ಹೂಂ ಅಂದೆ. ಒಳಗೆ ತಮ್ಮನ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸುತ್ತಿದ್ದರು, ಹೊರಗೆ ನಾನು ಅದು ನನ್ನ ಕಾಲು ಎಂದು ಒಪ್ಪಿಕೊಳ್ಳುತ್ತಿದ್ದೆ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಅಂದರೆ ಇದೇ.

ಮೊದಮೊದಲು ಸಾವ್ಕಾರ ಚೆನ್ನಾಗಿಯೇ ಇದ್ದ. ಆಸ್ಪತ್ರೆಯ ಖರ್ಚು ನೋಡಿಕೊಂಡ, ಹಣ್ಣು ಹಿಡಿದುಕೊಂಡು ಬಂದು ತಮ್ಮನ ತಲೆ ಸವರಿ ಹೋದ. ಆಮೇಲೆ ವಿಮೆಯವರು ವಿಚಾರಣೆಗೆ ಬಂದರು. ನನ್ನ ಆಧಾರ್ ಕಾರ್ಡಿನ ಮುಖವನ್ನೂ ಮಂಚದ ಮೇಲಿನ ಮುಖವನ್ನೂ ನೋಡಿದರು, ಕಾಗದ ಮಡಚಿಕೊಂಡು ಎದ್ದು ಹೋದರು. ಅವತ್ತಿನಿಂದ ಸಾವ್ಕಾರ ನಮ್ಮ ಫೋನ್ ಎತ್ತಲಿಲ್ಲ. ಗೇಟಿಗೆ ಹೋಗಿ ಕೇಳಿದರೆ, ನಿನ್ನ ತಮ್ಮ ಯಾರೋ ನಮಗೆ ಗೊತ್ತೇ ಇಲ್ಲ, ಪುಸ್ತಕದಲ್ಲಿ ಅವನ ಹೆಸರು ಎಲ್ಲಿದೆ ತೋರಿಸು ಎಂದ ಮ್ಯಾನೇಜರ್. ಅವನ ಕೊರಳಪಟ್ಟಿ ಹಿಡಿದೆ. ಜೊತೆಯ ಹಮಾಲರು ನನ್ನನ್ನು ಬಿಡಿಸಿದರು, ಆದರೆ ಸಾಕ್ಷಿ ಹೇಳಲು ಬನ್ನಿ ಎಂದಾಗ ಒಬ್ಬೊಬ್ಬರೇ ಜಾರಿಕೊಂಡರು. ಅವರಿಗೂ ಪಾಳಿಯ ಚಿಂತೆ. ನನ್ನ ಪಾಳಿ ಅಂದೇ ಹೋಯಿತು.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ತಮ್ಮ ಗೋಡೆಗೆ ಒರಗಿ ಕೂತಿದ್ದ. ನನ್ನ ಕಡೆ ತಿರುಗಿ ಕೇಳಿದ.

"ಅಣ್ಣಾ, ಹಂಗಾದ್ರ ನಾ ಅಲ್ಲಿ ದುಡದೇ ಇಲ್ಲೇನು?"

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವನು ನಾನು, ಉಣ್ಣುತ್ತಿದ್ದವನು ಅವನು.

ಹಾವೇರಿಯಲ್ಲಿ ಒಬ್ಬರು ವಕೀಲರು ಸಿಕ್ಕರು, ಹೆಂಗಸು, ನನಗಿಂತ ಸಿಟ್ಟಿನವರು. ಮೊದಲು ನನಗೆ ಚೆನ್ನಾಗಿ ಬೈದರು. ಆಮೇಲೆ ಬಿಡಿಸಿ ಹೇಳಿದರು. ಸಾವ್ಕಾರನ ತಪ್ಪಿತ್ತೋ ಇಲ್ಲವೋ ಎಂದು ತೋರಿಸಬೇಕಾಗಿಲ್ಲ. ತಮ್ಮ ಅವನ ಕೆಲಸಗಾರನಾಗಿದ್ದ, ಕೆಲಸ ಮಾಡುವಾಗಲೇ ಅದರಿಂದಲೇ ಪೆಟ್ಟಾಯಿತು, ಇಷ್ಟು ತೋರಿಸಿದರೆ ಪರಿಹಾರ ಕೊಡಲೇಬೇಕು. ಬದಲಿಗೆ ಬಂದವನಾದರೂ ಅವನ ಕೈಯಲ್ಲಿ ದುಡಿಸಿಕೊಂಡಿದ್ದರೆ ಅವನೂ ಕೆಲಸಗಾರನೇ. ವಿಮೆಯವರು ಕೈ ಎತ್ತಿದರೂ ಸಾವ್ಕಾರ ಕೈ ಎತ್ತುವಂತಿಲ್ಲ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಎಲ್ಲ ಸರಿ, ಆದರೆ ಎಲ್ಲ ಕಾಗದದಲ್ಲೂ ನಿಮ್ಮದೇ ಹೆಸರಿದೆಯಲ್ಲ ಎಂದು ಅವರು ತಲೆ ಹಿಡಿದುಕೊಂಡರು. ನಾನು ಕೋರ್ಟಿನಲ್ಲಿ ನಿಂತು, ಅವತ್ತು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಳ್ಳುವುದೊಂದೇ ದಾರಿ. ನ್ಯಾಯಾಧೀಶರು ನಂಬದಿದ್ದರೆ ತಮ್ಮನಿಗೆ ಕಾಲೂ ಇಲ್ಲ, ಪರಿಹಾರವೂ ಇಲ್ಲ.

ತಮ್ಮನ ಹೆಸರಿನಲ್ಲಿ ಅರ್ಜಿ ಹಾಕಿದೆವು. ನನ್ನ ಸಾಕ್ಷಿಯ ದಿನ ಕಟಕಟೆಯಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಸಾವ್ಕಾರನ ವಕೀಲರು ಹಾಜರಿ ಪುಸ್ತಕವನ್ನು ನನ್ನ ಮುಖಕ್ಕೆ ಹಿಡಿದರು. ಇದು ನಿಮ್ಮ ಹೆಸರೇ ತಾನೆ? ಹೌದು. ಅವತ್ತು ಪಾಳಿ ಮಾಡಿದವರು ನೀವೇ. ಅಲ್ಲ. ನಿಮ್ಮ ತಮ್ಮ ಬೇರೆಲ್ಲೋ ಬಿದ್ದು ಕಾಲು ಕಳೆದುಕೊಂಡ. ಅಲ್ಲರೀ. ಹಾಗಾದರೆ ಪುಸ್ತಕ ಸುಳ್ಳು, ಆಸ್ಪತ್ರೆಯ ಕಾಗದ ಸುಳ್ಳು, ಹೂಂ ಅಂದ ನೀವು ಮಾತ್ರ ಖರೇ? ಎದುರಿನ ಬೆಂಚಿನಲ್ಲಿ ತಮ್ಮ ಊರುಗೋಲು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ.

ನ್ಯಾಯಾಧೀಶರು ಎರಡೂ ಕಾಗದ ತರಿಸಿಕೊಂಡರು. ಪುಸ್ತಕದ ಪ್ರಕಾರ ಅವತ್ತು ದುಡಿದವರು ಯಾರು ಎಂದು ಸಾವ್ಕಾರನ ವಕೀಲರನ್ನು ಕೇಳಿದರು. ಇವರೇ ಎಂದರು ಅವರು. ಆಸ್ಪತ್ರೆಯ ಕಾಗದದ ಪ್ರಕಾರ ಕಾಲು ಹೋದದ್ದು ಯಾರದು? ಅದರಲ್ಲೂ ನನ್ನದೇ ಹೆಸರು, ಕರೆತಂದವನೆಂದು ಮ್ಯಾನೇಜರನ ಸಹಿ. ನ್ಯಾಯಾಧೀಶರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

"ಕೆಳಗೆ ಇಳಿಯಿರಿ. ಪ್ಯಾಂಟು ಮೊಣಕಾಲಿನ ತನಕ ಮಡಚಿ, ಆ ಬಾಗಿಲ ತನಕ ನಡೆದು ಬನ್ನಿ."

ಮಡಚಿದೆ. ನಡೆದೆ. ಎಲ್ಲರೂ ನನ್ನ ಕಾಲುಗಳನ್ನೇ ನೋಡುತ್ತಿದ್ದರು. ತಮ್ಮನ ಬೆಂಚಿನ ಮುಂದೆಯೇ ಹೋಗಬೇಕಿತ್ತು. ಎರಡು ಗಟ್ಟಿ ಕಾಲು ಇದ್ದದ್ದಕ್ಕೆ ಆ ಹತ್ತು ಹೆಜ್ಜೆಯಲ್ಲಿ ಪಟ್ಟಷ್ಟು ನಾಚಿಕೆಯನ್ನು ನಾನು ಇನ್ಯಾವತ್ತೂ ಪಟ್ಟಿಲ್ಲ. ತಿರುಗಿ ಬಂದಾಗ ನ್ಯಾಯಾಧೀಶರು, ಹಾಗಾದರೆ ನಿಮ್ಮ ಮ್ಯಾನೇಜರ್ ಕರೆತಂದದ್ದು ಯಾರನ್ನು ಎಂದು ಕೇಳಿದರು. ಸಾವ್ಕಾರನ ವಕೀಲರು ಕಾಗದ ಹುಡುಕತೊಡಗಿದರು.

ತಮ್ಮ ಅಲ್ಲಿಯ ಕೆಲಸಗಾರನೇ, ಪರಿಹಾರ ಕೊಡಬೇಕು ಎಂಬ ಆದೇಶ ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಅವತ್ತು ನಮಗೆ ಅದು ಗೊತ್ತಿರಲಿಲ್ಲ. ಕೋರ್ಟಿನ ಮೆಟ್ಟಿಲ ಹತ್ತಿರ ಬಂದಾಗ ತಮ್ಮ ಊರುಗೋಲು ನನಗೆ ಕೊಟ್ಟು, ನನ್ನ ಹೆಗಲು ಹಿಡಿದ. ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವನೇ ಕಿವಿಯ ಹತ್ತಿರ ಬಂದು ಹೇಳಿದ.

"ಛಲೋ ನಡದಿ ನೋಡಣ್ಣ."

ನಾನು ಆ ಮೆಟ್ಟಿಲ ಮೇಲೇ ಕೂತು ಅತ್ತೆ.