ಪೂಜೆ ತಪ್ಪದ ಗಾಡಿ

ನನ್ನ ಗಾಡಿಗೆ ಪೂಜೆ ತಪ್ಪಿದ್ದು ಒಮ್ಮೆಯೂ ಇಲ್ಲ. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಟಿಕೋಟಾದ ನಮ್ಮ ಮನೆಯ ಮುಂದೆ ಅದನ್ನು ನಿಲ್ಲಿಸಿ, ಬಕೆಟ್ಟಿನಲ್ಲಿ ಸೋಪಿನ ಪುಡಿ ಕದಡಿ, ಒಂದು ಸಂದಿಯನ್ನೂ ಬಿಡದೆ ತಿಕ್ಕುತ್ತಿದ್ದೆ. ಹೆಡ್‌ಲೈಟಿಗೆ ವಿಭೂತಿ, ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು. ಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸಿದೆನೆಂದರೆ ಒಂದು ತಿಂಗಳಿಗೆ ಸಾಕಾಗುವಷ್ಟು ನೆಮ್ಮದಿ. ಅಷ್ಟು ತೊಳೆದರೆ ಚೈನಿನಲ್ಲಿದ್ದ ಚೂರುಪಾರು ಎಣ್ಣೆಯೂ ತೊಳೆದುಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಒಣಗಿದ ಮೇಲೆ ಎಣ್ಣೆ ಬಿಡಬೇಕು ಎಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹೊಟ್ಟೆ ಹಸಿಯುತ್ತಿತ್ತು.

ನಾನು ಬಬಲೇಶ್ವರದ ಹೈಸ್ಕೂಲೊಂದರಲ್ಲಿ ಕ್ಲಾರ್ಕ್. ದಿನಾ ಗಾಡಿಯ ಮೇಲೇ ಓಡಾಟ. ಅಲ್ಲಿಯ ಮೆಕ್ಯಾನಿಕ್ ಒಂದು ಸಂಜೆ ಚೈನನ್ನು ಬೆರಳಿಂದ ಎತ್ತಿ ತೋರಿಸಿ, "ಪೂರಾ ಮುಗದೈತ್ರಿ ಸರ್. ಬಿಗಿ ಮಾಡಾಕ ಜಾಗಾನ ಉಳದಿಲ್ಲ. ಒಂದಿನ ಬಿಟ್ಟ ಹೋಗ್ರಿ" ಅಂದ.

"ಅಮಾಸಿ ಮುಗೀಲಿ, ತರ್ತೀನಿ" ಅಂದೆ.

"ಪೂಜಿ ಬ್ಯಾರೆ, ಚೈನ್ ಬ್ಯಾರೆರಿ ಸರ್" ಎಂದು ನಕ್ಕ. ನಾನೂ ನಕ್ಕೆ. ಆ ಅಮಾವಾಸ್ಯೆ ಮುಗಿಯಿತು, ಇನ್ನೊಂದೂ ಮುಗಿಯಿತು.

ಆ ಚಳಿಗಾಲ ಹೆಂಡತಿಗೆ ಶಿಕ್ಷಕರ ನೇಮಕಾತಿಯ ಪರೀಕ್ಷೆಯಿತ್ತು. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಅದೇ ಅವಳ ಕಡೆಯ ಅವಕಾಶ. ಮಗಳು ಮಲಗಿದ ಮೇಲೆ ರೊಟ್ಟಿ ಬುಟ್ಟಿ ಪಕ್ಕಕ್ಕೆ ಸರಿಸಿ ಓದಲು ಕೂರುತ್ತಿದ್ದಳು. ಕಪಾಟಿನ ಬಾಗಿಲ ತುಂಬ ಅವಳ ಟಿಪ್ಪಣಿ ಚೀಟಿಗಳೇ. ಅವಳಿಗೊಂದು ಚಟವಿತ್ತು: ಏನಿದ್ದರೂ ಎರಡು ಇಡುವುದು. ಮನೆಯ ಇನ್ನೊಂದು ಬೀಗದ ಕೈ ಪಕ್ಕದ ಮನೆಯಲ್ಲಿ, ಎರಡನೇ ಕಡ್ಡಿಪೆಟ್ಟಿಗೆ ಅಕ್ಕಿ ಡಬ್ಬಿಯ ಹಿಂದೆ, ಎರಡನೇ ಟಾರ್ಚು ದೇವರ ಮನೆಯಲ್ಲಿ. "ಗಂಡನ್ನೂ ಎರಡ ಇಟ್ಕೋಬೇಕಿತ್ತು" ಎಂದು ನಾನು ರೇಗಿಸುತ್ತಿದ್ದೆ.

ಪರೀಕ್ಷೆಗೆ ವಾರವಿರುವಾಗ, "ಬಸ್ಸಿಗೇ ಹೋಗೂಣ್ರಿ" ಅಂದಳು. ಗಾಡಿ ಇರುವಾಗ ಬಸ್ಸೇಕೆ ಎಂದು ನನಗೆ ಸಿಟ್ಟು ಬಂತು. "ಹಂಗಾದ್ರ ಗಾಡಿ ತೋರಿಸ್ರಿ. ಸಪ್ಪಳಾ ಕೇಳಿದ್ರ ಅಂಜಿಕಿ ಬರತೈತಿ." ಬುಧವಾರ ಮರೆತೆ. ಶುಕ್ರವಾರ ಅಮಾವಾಸ್ಯೆ, ಪೂಜೆ ಮಾಡಿದೆ. ಶನಿವಾರ ನೆನಪಾಯಿತು, ಆದರೆ ಮನೆ ಬಾಗಿಲಿಗೆ ಬಂದ ಮೇಲೆ. "ತೋರಿಸಿದ್ರೇನು?" ಎಂದು ಕೇಳಿದಳು. "ಹೂಂ" ಅಂದೆ.

ರವಿವಾರ ಬೆಳಿಗ್ಗೆ ಎಂಟೂವರೆಗೆ ಹೊರಟೆವು. ವಿಜಯಪುರಕ್ಕೆ ಅರ್ಧ ತಾಸಿನ ದಾರಿ. ಒಂಬತ್ತೂವರೆಗೆ ಗೇಟು ಹಾಕುತ್ತಾರೆ. ಹಾಲ್ ಟಿಕೆಟ್ಟು, ಆಧಾರ್ ಕಾರ್ಡು ಇದ್ದ ಫೈಲನ್ನು ಅವಳ ಕೈಯಿಂದ ಇಸಿದುಕೊಂಡು, ಗಾಳಿಗೆ ಹಾರೀತು ಎಂದು ನಾನೇ ಟ್ಯಾಂಕ್ ಕವರಿನ ಚೀಲದಲ್ಲಿ ಹಾಕಿ ಜಿಪ್ಪು ಎಳೆದಿದ್ದೆ. ಒಳಗೆ ಬಿಡುವುದಿಲ್ಲವೆಂದು ಅವಳು ಮೊಬೈಲು ಮನೆಯಲ್ಲೇ ಬಿಟ್ಟಿದ್ದಳು.

ಊರು ದಾಟಿ ದ್ರಾಕ್ಷಿ ತೋಟಗಳ ಸಾಲು ಬರುವಷ್ಟರಲ್ಲಿ ಚೈನು ಕಟಕಟ ಅನ್ನತೊಡಗಿತು. ಅವಳ ಕೈ ನನ್ನ ಭುಜವನ್ನು ಒತ್ತಿ ಹಿಡಿಯಿತು. ನಾನು ಬೆವರುತ್ತಲೇ ಗಾಡಿ ಓಡಿಸಿದೆ. ಅರ್ಧ ದಾರಿಯಲ್ಲಿ ಟಣ್ ಎಂದು ಸದ್ದಾಯಿತು. ಹಿಂದಿನ ಗಾಲಿ ಒಮ್ಮೆ ಕಚ್ಚಿ ಹಿಡಿದು ಬಿಟ್ಟಿತು, ಗಾಡಿ ಓಲಾಡುತ್ತ ರಸ್ತೆಯ ಅಂಚಿಗೆ ಬಂದು ನಿಂತಿತು. ಬೀಳಲಿಲ್ಲ, ಅದೊಂದು ಪುಣ್ಯ. ತುಂಡಾದ ಚೈನು ಜೋತಾಡುತ್ತಿತ್ತು. ಗಾಲಿಯ ನಡುವಿಗೆ ಶುಕ್ರವಾರದ ಚೆಂಡುಹೂವಿನ ದಾರ ಸುತ್ತಿಕೊಂಡಿತ್ತು. ಎಣ್ಣೆಯ ಪಸೆ ಎಲ್ಲಿಯೂ ಇರಲಿಲ್ಲ.

ಅವಳು ಚೈನನ್ನೊಮ್ಮೆ ನೋಡಿದಳು, ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ರಸ್ತೆಯ ಮಧ್ಯಕ್ಕೇ ಹೋಗಿ ಎರಡೂ ಕೈ ಎತ್ತಿ ನಿಂತಳು. ಒಣದ್ರಾಕ್ಷಿಯ ಬಾಕ್ಸ್ ಹೇರಿದ ಟೆಂಪೋ ಒಂದು ನಿಂತಿತು. ಮುಂದೆ ಒಬ್ಬರಿಗಷ್ಟೇ ಜಾಗ. ಹತ್ತಿ ಕೂತು ಬಾಗಿಲು ಹಾಕಿಕೊಂಡಳು, ಟೆಂಪೋ ಹೋಯಿತು.

ಹೇಗೂ ಮುಟ್ಟುತ್ತಾಳೆ ಎಂದು ಉಸಿರು ಬಿಟ್ಟು ಟ್ಯಾಂಕಿನ ಮೇಲೆ ಕೈ ಇಟ್ಟೆ. ಕೈಗೆ ಫೈಲು ತಾಗಿತು.

ಆ ಕ್ಷಣದಲ್ಲಿ ನನಗೆ ಮೊದಲು ಅನಿಸಿದ್ದನ್ನು ಹೇಳಲು ಈಗಲೂ ನಾಚಿಕೆ. ಅಂತೂ ಇವಳೂ ಮರೆತಳಲ್ಲ ಎಂದು ಒಳಗೆಲ್ಲೋ ಸಮಾಧಾನವಾಯಿತು. ಮರುಗಳಿಗೆಯೇ ಗಾಡಿಯನ್ನು ಜಾಲಿಗಿಡದ ಬುಡಕ್ಕೆ ತಳ್ಳಿ, ಫೈಲನ್ನು ಅಂಗಿಯೊಳಗೆ ತುರುಕಿಕೊಂಡು ರಸ್ತೆಗೆ ಓಡಿದೆ.

ಅರ್ಧ ತಾಸು ಕೈ ಅಡ್ಡ ಹಿಡಿದರೂ ಯಾರೂ ನಿಲ್ಲಿಸಲಿಲ್ಲ. ಕಡೆಗೆ ಕನಮಡಿಯಿಂದ ಬರುತ್ತಿದ್ದ ಹಿರಿಯರೊಬ್ಬರು ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡರು. ಗಾಡಿ ನನ್ನದಕ್ಕಿಂತ ಹಳೆಯದು, ಆದರೆ ಚೈನಿನ ಸದ್ದೇ ಇಲ್ಲ. ಹಿರಿಯರು ನಲವತ್ತರ ಮೇಲೆ ಮುಳ್ಳು ಏರಲು ಬಿಡಲಿಲ್ಲ.

"ಸ್ವಲ್ಪ ಲಗೂ ಹೊಡೀರಿ ಕಾಕಾ, ಹೆಂಡ್ತಿ ಪರೀಕ್ಷಾ ಐತಿ."

"ಮುಟ್ಟೂಣಂತ ತಮ್ಮಾ. ನಿನ್ನ ಗಾಡಿಗೇನಾತು?"

"ಚೈನ್ ಹರೀತ್ರಿ."

"ಸುಮ್ನ ಹರಿಯೂದಿಲ್ಲೋ ಅದು" ಅಂದರು ಹಿರಿಯರು. ಗೋಳಗುಮ್ಮಟ ದೂರದಲ್ಲಿ ಕಾಣಿಸಿತು. ಎಷ್ಟು ಹೋದರೂ ಅದು ಅಷ್ಟೇ ದೂರದಲ್ಲಿ ನಿಂತಿದೆ ಅನಿಸುತ್ತಿತ್ತು. ಗಡಿಯಾರ ನೋಡುವುದನ್ನೇ ಬಿಟ್ಟೆ.

ಕಾಲೇಜಿನ ಮುಂದೆ ಇಳಿದಾಗ ಒಂಬತ್ತು ಮೂವತ್ತೆಂಟು. ಗೇಟು ಮುಚ್ಚಿತ್ತು. ಗೇಟಿನ ಹೊರಗೆ ಅವಳಿರಲಿಲ್ಲ. ಫೈಲು ಹಿಡಿದು ಪೊಲೀಸ್ ಮೇಡಂ ಮುಂದೆ ಗೋಗರೆದೆ. "ಟಿಕೆಟ್ ಇಲ್ದವ್ರನ್ನ ಒಳಗ ಬಿಟ್ಟಿಲ್ರಿ. ಎರಡ್ಮೂರ ಮಂದಿ ಅತ್ಕೋತ ವಾಪಸ್ ಹೋಗ್ಯಾರ" ಅಂದರು. ಹಸಿರು ಸೀರೆಯವರು ಇದ್ದರೇ ಎಂದು ಕೇಳಿದೆ. "ಯಾರಿಗೆ ನೆನಪಿರತೈತ್ರಿ ಸರ್?"

ಬಸ್ ಸ್ಟ್ಯಾಂಡಿಗೆ ಹೋಗಿ ಹುಡುಕಿ ಬಂದೆ. ಮನೆಗೆ ಫೋನ್ ಹಚ್ಚಿದೆ. ಅವ್ವ ಇನ್ನೂ ಬಂದಿಲ್ಲವೆಂದು ಮಗಳು ಹೇಳಿದಳು. ಚಹಾ ಅಂಗಡಿಯ ಕಟ್ಟೆಯ ಮೇಲೆ ಕೂತು, ಯಾವತ್ತೂ ಇಲ್ಲದಷ್ಟು ನಿಜವಾಗಿ ದೇವರನ್ನು ಬೇಡಿಕೊಂಡೆ. ಅವಳ ಎರಡು ವರ್ಷದ ಓದು ನನ್ನ ತೊಡೆಯ ಮೇಲಿತ್ತು.

ಪರೀಕ್ಷೆ ಬಿಟ್ಟಾಗ ಗುಂಪಿನ ಜೊತೆ ಗೇಟಿನಿಂದ ಹೊರಗೆ ಬಂದಳು. ಬೆರಳಿಗೆ ಮಸಿ ಹತ್ತಿತ್ತು. ಫೈಲು ಮುಂದೆ ಚಾಚಿದೆ.

"ಫೈಲು ಗಾಡ್ಯಾಗ ಇಡ್ತೀನಂತ ಇಸ್ಕೊಂಡ್ರೆಲ್ಲ, ಹಾಲ್ ಟಿಕೆಟ್ಟಿನ ಇನ್ನೊಂದ ಪ್ರಿಂಟು, ವೋಟರ್ ಕಾರ್ಡು ಅದಕ್ಕಿಂತ ಮೊದ್ಲ ನನ್ನ ಪರ್ಸಿನ್ಯಾಗಿದ್ವು. ಪೇಪರ್ ಚಲೋ ಇತ್ತು" ಅಂದಳು.

ಕಣ್ಣಲ್ಲಿ ನೀರು ಬಂತು. ಬಂದ ನೀರು ಮುಚ್ಚಿಕೊಳ್ಳಲು ಜೋರು ಮಾಡಿದೆ: "ನನ್ನ ಮ್ಯಾಲೆ ಅಷ್ಟೂ ಭರೋಸ ಇಲ್ಲಂದ್ರ, ಬಸ್ಸಿಗೇ ಬರಬೇಕಿತ್ತಲ್ಲ?"

ಅವಳು ಸಿಟ್ಟಾಗಲಿಲ್ಲ. "ಎಲ್ಲಾದಕ್ಕೂ ಎರಡ ಇಡ್ತೀನ್ರಿ. ನಿನ್ನಿ ನೀವು ಹೂಂ ಅಂದ್ರೆಲ್ಲ, ಅದೊಂದಕ್ಕ ಎರಡನೇದು ಇಟ್ಟಿರ್ಲಿಲ್ಲ" ಅಂದಳು.

ಟಿಕೋಟಾ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಅರ್ಧ ದಾರಿಯಲ್ಲಿ ಗಾಡಿಗಾಗಿ ನಾನು ಇಳಿದೆ. ಅವಳು ಇಳಿಯಲಿಲ್ಲ.