ಸುಣ್ಣದ ನೀರು, ಮಾವನವರ ನಾಲಿಗೆ

ನಮ್ಮ ಮಾವನವರ ಎಡಗೈ ಅಂಗೈಯಲ್ಲಿ ಸದಾ ಒಂದು ಬಿಳಿ ಬೊಟ್ಟು ಇರುತ್ತಿತ್ತು. ಅಲ್ಲಿ ಸುಣ್ಣ ಹಚ್ಚಿ, ತಂಬಾಕು ಹಾಕಿ, ತಿಕ್ಕಿ ತಿಕ್ಕಿ ಬಲಗೈ ಹೆಬ್ಬೆರಳಿನ ಗೆರೆಗಳೇ ಮಾಸಿಹೋಗಿದ್ದವು. ಮದುವೆಯಾಗಿ ಸಿಂಗಟಾಲೂರಿಗೆ ಬಂದ ಹೊಸದರಲ್ಲಿ ನಾನು ಅವರ ಮುಖಕ್ಕಿಂತ ಹೆಚ್ಚು ನೋಡಿದ್ದು ಆ ಕೈಯನ್ನೇ. ಸೊಸೆಯಾದವಳು ಮಾವನೆದುರು ಸೆರಗು ಮುಂದೆಳೆದು ತಲೆ ತಗ್ಗಿಸಿ ಓಡಾಡಬೇಕು. ಮಾತಂತೂ ಆಡುವ ಹಾಗೇ ಇರಲಿಲ್ಲ. ಏನಾದರೂ ಹೇಳಬೇಕಿದ್ದರೆ ಅತ್ತೆಯ ಕಿವಿಗೆ ಹೇಳಬೇಕು, ಅತ್ತೆ ಅದನ್ನು ಪಡಸಾಲೆಗೆ ಮುಟ್ಟಿಸಬೇಕು.

ಆಗ ಸ್ವಾತಂತ್ರ್ಯ ಬಂದಿತ್ತು, ಏಕೀಕರಣ ಇನ್ನೂ ಆಗಿರಲಿಲ್ಲ. ತುಂಗಭದ್ರೆಯ ನಮ್ಮ ದಂಡೆ ಮುಂಬಯಿ ಸರ್ಕಾರದ್ದು, ಆಚೆ ದಂಡೆ ಮದ್ರಾಸಿನದು. "ಎರಡೂ ಕಡೆ ದನಾ ಒಂದ ಹೊಳಿ ನೀರು ಕುಡೀತಾವ. ಅವಕ್ಕ ಯಾರೂ ಹೇಳೇ ಇಲ್ಲೇನೋ!" ಎಂದು ಮಾವ ನಗುತ್ತಿದ್ದರು. ಯಾವ ಸುದ್ದಿ ತೆಗೆದರೂ ಅವರ ಮಾತು ಕೊನೆಗೆ ದನದ ಕೊಟ್ಟಿಗೆಗೇ ಬಂದು ನಿಲ್ಲುತ್ತಿತ್ತು.

ಮನೆಯಲ್ಲಿ ದೊಡ್ಡೆತ್ತು, ಸಣ್ಣೆತ್ತು ಎಂದು ಒಂದು ಜೋಡಿ ಇತ್ತು. ದೊಡ್ಡೆತ್ತು ಹುಟ್ಟುತ್ತಲೇ ತಾಯಿ ಸತ್ತಿದ್ದರಿಂದ ಮಾವನೇ ಅರಿವೆಯ ಬತ್ತಿಯಿಂದ ಹಾಲು ಕುಡಿಸಿ ಬೆಳೆಸಿದ್ದರು. ಅವರು ಕರೆದರೆ ಅದು ಕಿವಿ ನಿಮಿರಿಸುತ್ತಿತ್ತು, ನನ್ನ ಗಂಡ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಮಾವನಿಗೊಂದು ಪದ್ಧತಿ: ಹಿಂಡಿಯಾಗಲಿ, ನುಚ್ಚಾಗಲಿ, ತಾವು ಬಾಯಿಗೆ ಹಾಕಿಕೊಂಡು ನೋಡದೆ ದನದ ಮುಂದೆ ಇಡುತ್ತಿರಲಿಲ್ಲ. "ಮೂಕ ಜೀವಾ ಅದು. ಉಪ್ಪು ಹೆಚ್ಚಾತು ಅಂತ ಹೇಳಾಕ ಬರ್ತದೇನು?" ಎನ್ನುತ್ತಿದ್ದರು.

ಒಂದು ವರ್ಷ ಸುಗ್ಗಿಯಲ್ಲೇ ಮಳೆ ಹೊಡೆದು ಜೋಳದ ಕಣಿಕೆಯೆಲ್ಲ ಕಪ್ಪಾಯಿತು. ದನಗಳು ಮೂಸಿ ಮುಖ ತಿರುವುತ್ತಿದ್ದವು. ಮುಂಡರಗಿ ಸಂತೆಯಲ್ಲಿ ಬೇಸಾಯ ಖಾತೆಯವನೊಬ್ಬ ಮಾವನಿಗೆ ಹೊಸ ಉಪಾಯ ಹೇಳಿದ: ಗಾಣದಲ್ಲಿ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಸುಣ್ಣದ ತಿಳಿನೀರಿನಲ್ಲಿ ನೆನೆಸಿ, ಮರುದಿನ ಚೆನ್ನಾಗಿ ತೊಳೆದು ಹಾಕಿದರೆ ದನಕ್ಕೆ ಅರಗುತ್ತದೆ. ಮಾವ ಖುಷಿಯಾಗಿ ಬಂದರು. ಆದರೆ ತಿಳಿನೀರು ಸಪ್ಪೆಯಾದೀತೆಂದು ಸುಣ್ಣವನ್ನೇ ಕಲಕಿದರು. ತೊಳೆದರೆ ಸತ್ವ ಹೋದೀತೆಂದು ತೊಳೆಯಲೂ ಬಿಡಲಿಲ್ಲ.

ನೆನೆಹಾಕಿದ್ದ ದೊಡ್ಡ ಬಾನಿಯಿಂದ ಸಿಪ್ಪೆ ತೆಗೆಯುವ ಕೆಲಸ ನನ್ನದು. ಸಿಪ್ಪೆಯ ಅಂಚು ತಾಗಿ ಸೀಳಿದ ಬೆರಳನ್ನು ಬಾಯಿಗಿಟ್ಟುಕೊಂಡೆ, ನಾಲಿಗೆ ಚುರ್ ಎಂದಿತು. ಓಡಿಹೋಗಿ ಅತ್ತೆಗೆ ಹೇಳಿದೆ. ಅತ್ತೆ ಅಡುಗೆಮನೆಯಿಂದಲೇ ಕೂಗಿದರು, "ಸೊಸಿ ನಾಲಿಗಿ ಸುಟ್ಟೈತಂತ ನೋಡ್ರಿ!"

ಮಾವ ಒಂದು ಸಿಪ್ಪೆ ಕಚ್ಚಿ ಜಗಿದರು. "ಎಲ್ಲಿ ಸುಡತೈತಿ? ಭೇಷ್ ಐತಿ. ಹೊಸಾ ಹುಡುಗಿ, ನಾಲಿಗಿ ಎಳೇದು." ಬೆಲ್ಲದ ನೀರು ಚಿಮುಕಿಸಿ ಮೊದಲು ದೊಡ್ಡೆತ್ತಿಗೇ ಹಾಕಿದರು. ಮುದ್ದಿನ ಮಗನಿಗೇ ಮೊದಲ ತುತ್ತು.

ಮರುದಿನ ಬೆಳಿಗ್ಗೆ ದೊಡ್ಡೆತ್ತು ಮೆಲುಕಾಡಲಿಲ್ಲ. ಎಡಹೊಟ್ಟೆ ಉಬ್ಬಿತ್ತು, ಕಿವಿ ತಣ್ಣಗಾಗಿದ್ದವು. ಓಣಿಯ ಹಿರಿಯರು ಕೂಡಿದರು. ಹೊಟ್ಟೆ ಉಬ್ಬರಕ್ಕೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಮದ್ದು ಸುಣ್ಣದ ನೀರೇ. ಎಲ್ಲರಿಗಿಂತ ಹಿರಿಯರೊಬ್ಬರು ಅದನ್ನು ಬಿದಿರಿನ ಗೊಟ್ಟಕ್ಕೆ ತುಂಬಿ, ಎತ್ತಿನ ಬಾಯಿ ಬಿಡಿಸಿಯೇಬಿಟ್ಟಿದ್ದರು.

ಮಾವ ಅವರ ಕೈ ಹಿಡಿದರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು, ಅತ್ತೆಯನ್ನು ದಾಟಿ ನನ್ನ ಕಡೆ ನೋಡಿದರು. ಅವರ ಕಣ್ಣು ತುಂಬಿದ್ದವು.

"ಯವ್ವಾ, ನಿನ್ನಿ ಅದು ನಿನ್ನ ನಾಲಿಗಿಗೆ ಹೆಂಗ ಹತ್ತಿತು? ನೀನ ಹೇಳವಾ. ನನ್ನ ನಾಲಿಗಿ ಸುಣ್ಣಾ ತಿಂದು ತಿಂದು ಸತ್ತೈತಿ. ಖರೆ ಸುಟ್ಟಿದ್ರ, ಮತ್ತ ಸುಣ್ಣಾ ಕುಡಿಸಿ ನಾ ಅದನ್ನ ಕೊಲ್ಲಂಗಿಲ್ಲ."

ಓಣಿಯ ಗಂಡಸರೆಲ್ಲ ನನ್ನ ಬಾಯಿ ನೋಡುತ್ತಿದ್ದರು. "ಸುಟ್ಟಿತ್ರಿ, ಮಾವಾರ. ಖರೇನ ಸುಟ್ಟಿತ್ರಿ," ಎಂದೆ. ಆ ಮನೆಯಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು.

ಮಾವ ಗೊಟ್ಟದ ನೀರನ್ನು ನೆಲಕ್ಕೆ ಸುರಿದರು. ಅತ್ತೆ ಹುಳಿ ಮಜ್ಜಿಗೆಗೆ ಹುಣಸೆರಸ ಕಲಸಿ ಕೊಟ್ಟರು, ಮಾವ ಅದನ್ನು ಕುಡಿಸಿದರು. ಮೆಲುಕು ಕಸಿದರೆ ಸಣ್ಣೆತ್ತಿಗೂ ಕೇಡೆಂದು ಜನ ಬೇಡವೆಂದರೂ ಕೇಳದೆ, ಅದರ ಬಾಯಿಂದ ಮೆಲುಕಿನ ಒಂದು ಉಂಡೆ ತೆಗೆದು, ಮೆಲುಕು ಮರಳಲೆಂದು ದೊಡ್ಡೆತ್ತಿನ ನಾಲಿಗೆಯ ಮೇಲಿಟ್ಟರು. ಹೊಟ್ಟೆ ತಿಕ್ಕುತ್ತ ಅಲ್ಲೇ ಕೂತರು, ಊಟಕ್ಕೂ ಏಳಲಿಲ್ಲ. ಇಳಿಹೊತ್ತಿಗೆ ಎತ್ತು ಸಗಣಿ ಹಾಕಿತು. ಆಮೇಲೆ ನಿಧಾನಕ್ಕೆ ದವಡೆ ಆಡಿಸಿತು. ಮಾವ ಅದರ ಕೊರಳು ತಬ್ಬಿಕೊಂಡು ಜೋರಾಗಿಯೇ ಅತ್ತರು.

ಅಂದೇ ದೊಡ್ಡೆತ್ತಿನ ಮೇಲೆ ಕೈಯಿಟ್ಟು ತಂಬಾಕು ಬಿಟ್ಟೆನೆಂದು ಆಣೆ ಮಾಡಿದರು. ವಾರ ತುಂಬುವಷ್ಟರಲ್ಲಿ ಸಣ್ಣೆತ್ತಿನ ಮರೆಯಲ್ಲಿ ಕೂತು ತಿಕ್ಕುವಾಗ ಅತ್ತೆಯ ಕೈಗೆ ಸಿಕ್ಕಿಬಿದ್ದರು. "ಆಣಿ ಮಾಡಿದ್ದು ಅದಕ್ಕ. ಇದಕ್ಕೇನೂ ಗೊತ್ತಿಲ್ಲ, ಸುಮ್ನಿರು!" ಎಂದರಂತೆ. ತಂಬಾಕು ಬಿಡಲಿಲ್ಲವಾದ್ದರಿಂದ ರುಚಿ ನೋಡುವ ಕೆಲಸ ನನಗೆ ಬಂತು. ಉಳಿದ ಸಿಪ್ಪೆಯನ್ನು ತಾವೇ ತೊಳೆದು ತೊಳೆದು ತಂದು ಹಿಡಿಯುತ್ತಿದ್ದರು: "ಈಗ ನೋಡವಾ?" ನಾನು "ಇನ್ನೂ ಐತ್ರಿ" ಎಂದರೆ ಮತ್ತೆ ಬಾನಿಗೆ. ನೀರಿಗೆ ಬಂದ ಹೆಂಗಸರು ನನಗೆ ಕಬ್ಬಿನ ಸಿಪ್ಪೆಯ ಊಟ ಹೇಗಿತ್ತೆಂದು ಕೇಳಿ ನಗುತ್ತಿದ್ದರು. ನನಗೂ ನಗು ಬರುತ್ತಿತ್ತು, ಒಳಗೊಳಗೆ ಹೆಮ್ಮೆಯೂ ಆಗುತ್ತಿತ್ತು.

ಬರಬರುತ್ತ ಮೇವಿನ ಮಾತು ಬೀಜಕ್ಕೆ ಬಂತು, ಬೀಜದ್ದು ಹೊಲಕ್ಕೆ, ಹೊಲದ್ದು ಮಕ್ಕಳ ಶಾಲೆಗೆ. ಹಿರಿಯರು ಕೂತಿದ್ದಾಗಲೂ ಮಾವ ಒಳಗೆ ತಿರುಗಿ, "ನಮ್ಮ ಸೊಸಿ ಏನಂತಾಳ, ಕೇಳೂನು" ಎನ್ನುತ್ತಿದ್ದರು. ನನ್ನ ಮಗಳು ಗದಗಿಗೆ ಓದಲು ಹೋದದ್ದು ಹಾಗೆ ಕೇಳಿದ ಒಂದು ದಿನದಿಂದ. ನನ್ನನ್ನು ಹೆತ್ತ ಅಪ್ಪ ಒಮ್ಮೆಯೂ ನನಗೆ ಏನನ್ನೂ ಕೇಳಿರಲಿಲ್ಲ.

ಅವರು ತೀರಿಕೊಂಡಾಗ ಏಕೀಕರಣವಾಗಿ ಎರಡೂ ದಂಡೆ ಒಂದೇ ರಾಜ್ಯವಾಗಿದ್ದವು. ಸಮಾಧಿ ಎಲ್ಲಿ ಮಾಡಬೇಕೆಂದು ಪಡಸಾಲೆಯಲ್ಲಿ ಮಾತು ಹತ್ತಿತು. ಊರ ಮುಂದಿನ ರುದ್ರಭೂಮಿ ಎಂದರು ಕೆಲವರು, ಹೊಳೆಸಾಲಿನ ಹೊಲ ಎಂದರು ಕೆಲವರು. ಮಾತು ಬಗೆಹರಿಯಲಿಲ್ಲ. ಕೊನೆಗೆ ಅಂದು ಗೊಟ್ಟ ತುಂಬಿದ್ದ ಹಿರಿಯರೇ, "ಸೊಸಿನ್ನ ಕೇಳ್ರಿ. ಅಂವಾ ಇದ್ದಿದ್ರ ಆಕಿನ್ನ ಕೇಳತಿದ್ದ" ಎಂದರು.

ನಾನು ಹೊರಗೆ ಬಂದೆ. "ಹೊಲದಾಗ ಆಗಲ್ರಿ. ದನಾ ನೀರಿಗೆ ಹೋಗೋ ದಾರಿ ಮಗ್ಗಲಕ" ಎಂದೆ. ಕಣ್ಣೀರು ಹರಿಯುತ್ತಿತ್ತು, ದನಿ ಮಾತ್ರ ಕಡೆಯ ಸಾಲಿನಲ್ಲಿ ಕೂತವರಿಗೂ ಕೇಳಿಸಿತು.