ಹಸು ಕಟ್ಟುವ ಗಂಟು

ನಮ್ಮ ಅತ್ತೆ ಶರಣವ್ವನವರಿಗೆ ಬೆಳಗಿನ ಹೊತ್ತು ಬೆರಳುಗಳೇ ಇರುತ್ತಿರಲಿಲ್ಲ. ಇರುತ್ತಿದ್ದವು, ಹೇಳಿದ ಮಾತು ಕೇಳುತ್ತಿರಲಿಲ್ಲ. ಏಳುವಾಗ ಹತ್ತೂ ಬಾತುಕೊಂಡು ಶುಂಠಿ ಕೊಂಬಿನ ಹಾಗೆ ಸೆಟೆದಿರುತ್ತಿದ್ದವು. ಬಿಸಿನೀರಿನಲ್ಲಿ ಅದ್ದಿ, ಉಜ್ಜಿ, ನಾಲ್ಕು ಮಾತು ಬೈದ ಮೇಲೆ ಹತ್ತು ಗಂಟೆಯ ಹೊತ್ತಿಗೆ ಒಂದಿಷ್ಟು ಮಡಚಲು ಬರುತ್ತಿತ್ತು. ಡಾಕ್ಟರು ಸಂಧಿವಾತ ಅಂದರು, ಮಾತ್ರೆ ಬರೆದುಕೊಟ್ಟರು, ಬೆಳಿಗ್ಗೆ ಕೈಗೆ ಕೆಲಸ ಕೊಡಬೇಡಿ ಅಂದರು. ಬೆಳಿಗ್ಗೆ ಕೈಗೆ ಕೆಲಸ ಕೊಡದೆ ಹೆಂಗಸು ಸೀರೆ ಉಡುವುದು ಹೇಗೆ ಅನ್ನುವುದನ್ನು ಮಾತ್ರ ಆ ಪುಣ್ಯಾತ್ಮರು ಹೇಳಲಿಲ್ಲ.

ಇದು ಎಪ್ಪತ್ತೊಂಬತ್ತನೆಯ ಇಸವಿಯ ಮಾತು. ನಾವಿದ್ದದ್ದು ಮತ್ತಿಕೆರೆಯಲ್ಲಿ, ಮುಂದೆ ಸ್ವಲ್ಪ ಅಂಗಳವಿದ್ದ ಹೆಂಚಿನ ಬಾಡಿಗೆ ಮನೆಯಲ್ಲಿ. ನನ್ನ ಗಂಡ ವೀರಬಸಪ್ಪ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಕಾರ್ಖಾನೆಯ ಬಸ್ಸು ಬೀದಿ ತುದಿಗೆ ಬಂದು ಹಾರನ್ ಹೊಡೆಯುತ್ತಿತ್ತು. ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಬಾಗಲಕೋಟೆ ಹತ್ತಿರದ ಊರಿನಿಂದ ನಮ್ಮಲ್ಲಿಗೆ ಕರೆತಂದಿದ್ದೆವು. ಊರಲ್ಲಿದ್ದಾಗ ಯಾರ ಮನೆಯ ಮದುವೆಯಾದರೂ ಮದುಮಗಳಿಗೆ ಸೀರೆ ಉಡಿಸಲು ಇವರೇ ಬೇಕು. ನಿರಿಗೆ ಹಿಡಿದರೆ ರಾತ್ರಿಯವರೆಗೂ ಜಾರುತ್ತಿರಲಿಲ್ಲವಂತೆ. ಅಂಥವರು ಈಗ ಬೆಳಿಗ್ಗೆ ಐದೂವರೆಗೆ ಸ್ನಾನ ಮುಗಿಸಿ, ಒದ್ದೆ ಸೀರೆ ಸುತ್ತಿಕೊಂಡು, ಬಾಗಿಲು ಅರ್ಧ ತೆರೆದು ನನಗಾಗಿ ಕಾಯುತ್ತಿದ್ದರು.

ನನ್ನದೋ ಅವಸರದ ಕೈ. ಒಲೆಯ ಮೇಲೆ ರೊಟ್ಟಿ ಸೀಯುತ್ತಿರುತ್ತಿತ್ತು, ಗಂಡನ ಡಬ್ಬಿ ತುಂಬಬೇಕಿತ್ತು. ನಮ್ಮ ಕಡೆಯ ಕುಬಸಕ್ಕೆ ಗುಂಡಿ, ಹುಕ್ಕು ಏನೂ ಇಲ್ಲ, ಎದೆಯ ಕೆಳಗೆ ಎರಡು ತುದಿಗಳನ್ನು ಎಳೆದು ಗಂಟು ಹಾಕಬೇಕು. ನಾನು ಜೋಳದ ಚೀಲದ ಬಾಯಿ ಕಟ್ಟಿದ ಹಾಗೆ ಕಟ್ಟಿ, ಸೀರೆಯನ್ನು ಅಡ್ಡಾದಿಡ್ಡಿ ಸಿಕ್ಕಿಸಿ, ಒಲೆಯ ಕಡೆಗೆ ಓಡುತ್ತಿದ್ದೆ. ಅತ್ತೆ ಬಾಯಿ ಬಿಡುತ್ತಿರಲಿಲ್ಲ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು.

ಆದರೆ ಒಂದು ಗಂಟಿಗೆ ನಾನು ಕೈ ಹಾಕುವ ಹಾಗಿರಲಿಲ್ಲ. ನಾವು ಲಿಂಗವಂತರು. ದೀಕ್ಷೆಯಲ್ಲಿ ಗುರು ಕೊಟ್ಟ ಇಷ್ಟಲಿಂಗ ಸದಾ ಮೈಮೇಲೆ ಇರಬೇಕು, ಒಬ್ಬರದನ್ನು ಇನ್ನೊಬ್ಬರು ಮುಟ್ಟಬಾರದು. ಅತ್ತೆ ತಮ್ಮದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಬಟ್ಟೆಯ ಎರಡು ತುದಿಗಳನ್ನು ಕೊರಳ ಬಳಿ ಗಂಟು ಹಾಕಿಕೊಳ್ಳುತ್ತಿದ್ದರು. ದಿನಾ ಸ್ನಾನವಾದ ಮೇಲೆ ಆ ಗಂಟು ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿ, ಮತ್ತೆ ಕಟ್ಟಿಕೊಂಡ ಮೇಲೆಯೇ ನೀರು ಬಾಯಿಗೆ. ಬಿದ್ದುಹೋದೀತೆಂಬ ಭಯಕ್ಕೆ ಹಲ್ಲಿನಲ್ಲಿ ಕಚ್ಚಿ ಬಿಗಿಯುವುದು, ಮರುದಿನ ಅದೇ ಬಿಗಿಯನ್ನು ಬಿಚ್ಚಲಾಗದೆ ಒದ್ದಾಡುವುದು. ಬೆಳ್ಳಿಯ ಕರಡಿಗೆಯಲ್ಲಿ ಇಟ್ಟುಕೊಳ್ಳಿ ಅಂತ ನನ್ನ ಹತ್ತಿರವಿದ್ದ ಒಂದನ್ನು ಕೊಟ್ಟು ನೋಡಿದೆ. ಅದರ ಬಿಗಿ ಮುಚ್ಚಳ ತೆಗೆಯುವುದು ಗಂಟಿಗಿಂತ ಕಷ್ಟವಾಯಿತು.

ಮಾಘ ಮಾಸದ ಒಂದು ದಿನ ಆ ಗಂಟು ಹನ್ನೊಂದಾದರೂ ಬಿಡಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಕತ್ತರಿ ತಂದೆ.

"ಬಟ್ಟೀನ ಕತ್ತರಸ್ತೀನಿ ತಡೀರಿ, ಬ್ಯಾರೆ ಬಟ್ಟಿ ಕೊಡ್ತೀನಿ," ಅಂದೆ.

ಅತ್ತೆ ನನ್ನ ಮಣಿಕಟ್ಟನ್ನು ಮೊಣಕೈಯಿಂದ ತಳ್ಳಿದರು. "ಕತ್ತರಿ ಒಳಗಿಡು. ಇವತ್ತು ಕತ್ತರಸ್ತೀಯವಾ, ನಾಳಿಗೆ ಏನ್ ಮಾಡ್ತಿ?"

ಅಷ್ಟು ಹೇಳಿ ಏಳಲು ಹೋದವರು ತಲೆ ತಿರುಗಿ ಗೋಡೆಗೆ ಒರಗಿ ಕುಸಿದರು. ಹಿಂದಿನ ಸಂಜೆಯಿಂದ ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಮಾತ್ರೆಯೂ ಇಲ್ಲ.

ಸಂಜೆ ವಿಷಯ ತಿಳಿದು ನನ್ನ ಗಂಡ ಅಮ್ಮನ ಎದುರು ಕೂತರು. "ಯವ್ವಾ, ಲಿಂಗಾನ ದೇವರ ಜಗಲಿ ಮ್ಯಾಲ ಇಡು. ಅಲ್ಲೇ ಪೂಜಿ ಮಾಡು. ದಿನಾ ಕಟ್ಟೂದು ಬಿಚ್ಚೂದು ಬ್ಯಾಡ."

"ಜಗಲಿ ಮ್ಯಾಲ ಇಡಾಕ ಇದೇನ್ ತಂಬಗಿ ಏನಪಾ? ನಾನು ಉಸಿರಾಡೂತನಕ ಮೈಮ್ಯಾಲ ಇರಬೇಕು."

"ನೀ ಹಿಂಗ ಉಪಾಸ ಬಿದ್ದರ ಉಸಿರ ಇರೂದಿಲ್ಲ. ಅಮಾಸಿತನಕ ನೋಡ್ತೀನಿ. ನೀನಾಗೇ ಹೊತ್ತಿಗೆ ಸರಿಯಾಗಿ ಬಿಚ್ಚಿ ಕಟ್ಟಿಕೊಂಡ್ರ ಸೈ. ಇಲ್ಲಂದ್ರ ಜಗಲಿ."

ಅಮಾವಾಸ್ಯೆಗೆ ಹದಿನೆಂಟು ದಿನವಿತ್ತು. ಅತ್ತೆಯ ಮುಖ ನೋಡಲಾಗಲಿಲ್ಲ. ನಾನು ಒಳಗೊಳಗೆ ಗಂಡನ ಪರವಾಗಿದ್ದೆ. ಒಂದು ರಗಳೆ ಕಳೆಯುತ್ತದೆ ಅಂದುಕೊಂಡಿದ್ದೆ, ಮುಚ್ಚಿಡುವುದೇನು.

ಮಾರನೆಯ ದಿನ ಎಲ್ಲವೂ ಬದಲಾಯಿತು. ಮತ್ತಿಕೆರೆಯ ಹಳೆಯ ಮನೆತನದ ದೊಡ್ಡಮುನಿಯಮ್ಮ ನಮಗೆ ಹಾಲು ಹಾಕುತ್ತಿದ್ದಳು. ಹಸುವನ್ನೇ ಮನೆ ಬಾಗಿಲಿಗೆ ಹೊಡೆದುಕೊಂಡು ಬಂದು, ಕಿಟಕಿಯ ಸರಳಿಗೆ ಕಟ್ಟಿ, ಕಣ್ಣೆದುರೇ ಕರೆದು ಕೊಟ್ಟು ಹೋಗುವುದು ಅವಳ ಪದ್ಧತಿ. ಆವತ್ತು ಅತ್ತೆ ಗಂಟಿನೊಡನೆ ಜಗಳವಾಡಿ ಸೋತು ಹೊಸ್ತಿಲ ಮೇಲೆ ಕೂತಿದ್ದರು. ದೊಡ್ಡಮುನಿಯಮ್ಮ ಒಂದು ಕೈಯಲ್ಲಿ ಹಾಲಿನ ಕ್ಯಾನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಹಗ್ಗದ ತುದಿಯನ್ನು ಸುಮ್ಮನೆ ಎಳೆದಳು. ಗಂಟು ಮಾಯ. ಹಸು ಬಾಲ ಬೀಸುತ್ತ ಹೊರಟಿತು.

"ನಿಂದ್ರು, ನಿಂದ್ರು," ಅತ್ತೆ ಎದ್ದೇಬಿಟ್ಟರು. "ದೊಡ್ಡಮುನಿಯವ್ವಾ, ಇನ್ನೊಮ್ಮೆ ಕಟ್ಟು. ಈಗ ಮಾಡಿದ್ಯಲ್ಲ, ಅದನ್ನ ಇನ್ನೊಮ್ಮೆ ಮಾಡು."

"ಅಯ್, ಇದ್ರಾಗೇನೈತಕ್ಕ? ಅಗ್ಗ ಇಂಗೆ ಬಿಚ್ಕೊಳ್ದಿದ್ರೆ ಅಸು ಜಾರಿ ಬಿದ್ದಾಗ ಕತ್ತು ಸಿಕ್ಕಾಕ್ಕೊಂಡು ಸತ್ತೋಯ್ತದೆ. ಅದ್ಕೇ ಇಂಗ್ ಕಟ್ಟೋದು," ಅಂದಳು ಅವಳು. ಹಸುವನ್ನು ವಾಪಸು ಕರೆತಂದು ತೋರಿಸಿದಳು. ಹಗ್ಗದ ಒಂದು ತುದಿಯನ್ನು ಮಡಿಸಿ ಕುಣಿಕೆ ಮಾಡಿ ಇನ್ನೊಂದರ ಅಡಿಯಲ್ಲಿ ನುಗ್ಗಿಸುವುದು. ಉಳಿದ ಬಾಲ ಹೊರಗೆ ಜೋತಾಡುತ್ತಿರುತ್ತದೆ. ಬಾಲ ಎಳೆದರೆ ಆಯಿತು, ಉಗುರೂ ಬೇಡ ಹಲ್ಲೂ ಬೇಡ. ಅತ್ತೆ ಹೆಬ್ಬೆರಳ ಬುಡದಿಂದ ಕುಣಿಕೆ ನುಗ್ಗಿಸಿದರು, ಕಿರುಬೆರಳಿಗೆ ಬಾಲ ಸಿಕ್ಕಿಸಿ ಎಳೆದರು. ಬಿಚ್ಚಿತು. ಮತ್ತೆ ಕಟ್ಟಿದರು, ಮತ್ತೆ ಎಳೆದರು. ಹಸು ಬೇಸತ್ತು ನಮ್ಮ ತುಳಸಿಗೆ ಬಾಯಿ ಹಾಕಿತು, ಯಾರೂ ಬೈಯಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಗಂಟಿನ ಸುಗ್ಗಿ. ಬಕೆಟ್ಟಿನ ಹಿಡಿಗೆ ಒಂದು, ಕುರ್ಚಿಯ ಕಾಲಿಗೆ ನಾಲ್ಕು, ಮೀಟರ್ ಬೋರ್ಡಿನ ಕೆಳಗಿನ ಮೊಳೆಗೆ ಒಂದು. ನನ್ನ ಗಂಡ ಡ್ಯೂಟಿಯಿಂದ ಬಂದು ಚಪ್ಪಲಿ ಹುಡುಕಿದರೆ ಅವೂ ಜೋಡಿಯಾಗಿ ಕಟ್ಟಿಸಿಕೊಂಡು ಕೂತಿದ್ದವು. ಅತ್ತೆ ಕುಬಸದ ತುದಿಗಳಿಗೆ ಉದ್ದನೆಯ ಪಟ್ಟಿ ಹೊಲಿಸಿಕೊಂಡರು, ಒಳಲಂಗದ ಲಾಡಿಯನ್ನು ಒಂದು ಮೊಳ ಉದ್ದ ಮಾಡಿಸಿಕೊಂಡರು. ನಾಲ್ಕನೆಯ ದಿನ ನಾನು ಉಡಿಸಲು ಹೋದರೆ ಕುಬಸ ಆಗಲೇ ಎದೆಯ ಮೇಲೆ ಕೂತಿತ್ತು. ನನಗೂ ಕುತೂಹಲ ಹತ್ತಿಕೊಂಡಿತು. ಒಲೆ ಬಿಟ್ಟು ಬಂದು ನೋಡುತ್ತ ನಿಲ್ಲುತ್ತಿದ್ದೆ, ರೊಟ್ಟಿ ಸೀದರೂ ಪರವಾಗಿಲ್ಲ ಅನ್ನಿಸುತ್ತಿತ್ತು.

ಆದರೆ ಲಿಂಗದ ಬಟ್ಟೆಗೆ ಈ ಗಂಟು ಹಾಕಲು ಅತ್ತೆ ಇನ್ನೂ ಧೈರ್ಯ ಮಾಡಿರಲಿಲ್ಲ.

"ಅದು ದನ ಕಟ್ಟೋ ಗಂಟಲ್ಲೇನ್ರೀ, ಲಿಂಗಕ್ಕ ಹೆಂಗ?" ಅಂತ ನಾನೇ ಕೆಣಕಿದೆ.

"ಶಿವನ ಮುಂದ ಕುಂತಿರೂದು ಏನು? ಎತ್ತಲ್ಲೇನು? ಎತ್ತಿನ ಗಂಟು ಅವಗ ಹೊಸಾದಲ್ಲ. ನನಗ ಅದರ ಚಿಂತಿ ಇಲ್ಲ. ಎಳೆದ್ರ ಬಿಚ್ಚೋ ಗಂಟು ಎಳೀದೇನೂ ಬಿಚ್ಚಿದ್ರ?"

ಆ ವಾರ ಇಬ್ಬರೂ ಯಶವಂತಪುರದ ಮಾರುಕಟ್ಟೆಗೆ ಬಸ್ಸಿನಲ್ಲಿ ಹೊರಟೆವು. ಬಸ್ಸು ಕಿಕ್ಕಿರಿದಿತ್ತು. ಅತ್ತೆ ಕಂಬಕ್ಕೆ ಮೊಣಕೈ ಸಿಕ್ಕಿಸಿ ನಿಂತಿದ್ದರು, ನಾನು ಹಿಂದೆ. ಡ್ರೈವರ್ ಬ್ರೇಕು ಹಾಕಿದ ರಭಸಕ್ಕೆ ಎಲ್ಲರೂ ಎಲ್ಲರ ಮೇಲೆ ಬಿದ್ದೆವು. ಅಷ್ಟರಲ್ಲಿ ಅತ್ತೆಯ ಸೆರಗಿನ ಅಡಿಯಿಂದ ಬಿಳಿ ಬಟ್ಟೆಯ ಪುಟ್ಟ ಗಂಟೊಂದು ಜಾರಿ, ಕಾಲುಗಳ ನಡುವೆ ಉರುಳಿಹೋಯಿತು.

ನಾನು ಕಿರುಚಿದೆ. ನನ್ನ ಜೀವಮಾನದಲ್ಲಿ ಹಾಗೆ ಕಿರುಚಿದ್ದಿಲ್ಲ. "ಲಿಂಗ ಬಿತ್ತು, ಬಸ್ ನಿಲ್ಲಸ್ರೀ, ಯಾರೂ ಕಾಲ್ ಎತ್ತಿ ಇಡಬ್ಯಾಡ್ರೀ."

"ಹೋಲ್ಡಾನ್, ಹೋಲ್ಡಾನ್," ಕಂಡಕ್ಟರ್ ಸೀಟಿ ಊದಿದ. ಬಸ್ಸು ನಡುರಸ್ತೆಯಲ್ಲಿ ನಿಂತಿತು. ನಿಂತವರು ನಿಂತಲ್ಲೇ ಒಂಟಿಕಾಲಲ್ಲಿ ಕಲ್ಲಾದರು, ಕೂತವರು ಸೀಟಿನಡಿ ಬಗ್ಗಿದರು. ಪ್ಯಾಂಟು ಹಾಕಿದ ಒಬ್ಬರು ಮಂಡಿಯೂರಿ ಅದನ್ನು ಹುಡುಕಿದರು. "ಇಲ್ಲಿದೆ ಕಣಮ್ಮಾ, ನಾನು ಮುಟ್ಬಹುದಾ?" ಅಂತ ಕೇಳಿದರು. ನಾನು ಅಳುತ್ತಿದ್ದೆ.

"ಮುಟ್ಟಪಾ, ಏನಾಗೂದಿಲ್ಲ," ಅತ್ತೆ ಆರಾಮಾಗಿ ಅಂದರು. "ಅದು ಅಂಗಳದಾಗಿನ ಕಲ್ಲು."

ಬಟ್ಟೆ ಬಿಚ್ಚಿದರೆ ನಿಜಕ್ಕೂ ಒಂದು ಉರುಟು ಕಲ್ಲು. ಅತ್ತೆ ಸೆರಗು ಸರಿಸಿ ಕೊರಳು ತೋರಿಸಿದರು. ಲಿಂಗ ಹಳೆಯ ಹಟಮಾರಿ ಗಂಟಿನಲ್ಲೇ ಭದ್ರವಾಗಿತ್ತು. ಅಷ್ಟೇ ತೂಕದ ಕಲ್ಲನ್ನು ಹೊಸ ಗಂಟಿನಲ್ಲಿ ಪಕ್ಕದಲ್ಲೇ ಕಟ್ಟಿಕೊಂಡು ಎರಡು ದಿನದಿಂದ ಪರೀಕ್ಷೆ ನಡೆಸಿದ್ದರಂತೆ. ನನಗೆ ಒಂದು ಮಾತು ಹೇಳಬಾರದಿತ್ತೆ?

"ಏನಮ್ಮಾ, ಕಲ್ಲಿಗೋಸ್ಕರ ಬಸ್ ನಿಲ್ಸಿದ್ರಾ?" ಅಂದ ಕಂಡಕ್ಟರ್.

"ಇದು ಬಿದ್ದದ್ದು ಛಲೋ ಆತು ತಮ್ಮಾ. ಆ ಇನ್ನೊಂದು ಬಿದ್ದಿದ್ರ ನಾನು ಬಸ್ಸು ಮುಂದ ಹೋಗಾಕ ಬಿಡ್ತಿದ್ದಿಲ್ಲ."

ಇಡೀ ಬಸ್ಸು ನಕ್ಕಿತು. ಅತ್ತೆಯೂ ನಕ್ಕರು, ಆದರೆ ಮನೆಗೆ ಬಂದ ಮೇಲೆ ಕಲ್ಲನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕೂತರು. ಅಮಾವಾಸ್ಯೆಗೆ ಎಂಟೇ ದಿನವಿತ್ತು.

ಮರುದಿನ ಸಂಗತಿ ಕೇಳಿ ದೊಡ್ಡಮುನಿಯಮ್ಮ ಕ್ಯಾನು ಕೆಳಗಿಟ್ಟು ನಕ್ಕಳು. "ನಮ್ ಕೆಂಪಿ ಅಸೂನೂ ಇಂಗೇ ಕಣಕ್ಕ. ಬಲೇ ಕಿಲಾಡಿ. ಬಾಯಾಗೆ ಅಗ್ಗದ ಬಾಲ ಕಚ್ಚಿ ಎಳ್ದು ಬಿಚ್ಕೊಂಡು ಕೆರೆ ಕಡೀಕೆ ಓಯ್ತಿತ್ತು. ಅಂಥವಕ್ಕೆ ಬಾಲಾನ ಕುಣಿಕೆ ಒಳೀಕೆ ಒಂದ್ ಕಿತ ತೂರ್ಸಿ ಬುಡೋದು. ಎಷ್ಟ್ ಜಗ್ಗಿದ್ರೂ ಬಿಚ್ಚಾಕಿಲ್ಲ. ನಮ್ಗೆ ಬೇಕಾದಾಗ ಬಾಲ ಈಚೀಕೆ ತಗ್ದು ಎಳ್ದ್ರೆ ಆಯ್ತು."

"ಮೊದಲ ಹೇಳಬಾರದೇನ?" ಅತ್ತೆ ರೇಗಿದರು.

"ನೀನು ಅಸೂನಾ? ಬಾಯಾಗೆ ಎಳ್ಕೊಂತೀಯ ಅಂತ ನಂಗೇನ್ ಗೊತ್ತು?"

ಈ ಸಲ ಕಲ್ಲು ಬೀಳಲಿಲ್ಲ. ಅತ್ತೆ ಅದನ್ನು ಕಟ್ಟಿಕೊಂಡೇ ಮಲಗಿದರು, ಬೇಕೆಂತಲೇ ಬಗ್ಗಿದರು, ಎದ್ದರು. ಕೆಲಸವಿಲ್ಲದಿದ್ದರೂ ನನ್ನನ್ನು ಎಳೆದುಕೊಂಡು ಎರಡು ಸಲ ಯಶವಂತಪುರಕ್ಕೆ ಹೋಗಿ ಬಂದರು, ಅದೂ ಬೆಳಗಿನ ನೂಕುನುಗ್ಗಲಿನ ಬಸ್ಸಿನಲ್ಲೇ. ಪ್ರತಿ ಬ್ರೇಕಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು, ಅವರು ಸೆರಗಿನಡಿ ಮುಟ್ಟಿ ನೋಡಿಕೊಂಡು ಹುಬ್ಬು ಹಾರಿಸುತ್ತಿದ್ದರು.

ಅಮಾವಾಸ್ಯೆಯ ಬೆಳಿಗ್ಗೆ ಐದೂವರೆಗೆ ನಾನು ಹೋದರೆ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ.

"ಉಡಸ್ಲೇನ್ರೀ ಅತ್ತಿ?"

"ಬ್ಯಾಡ."

ಅಷ್ಟೇ. ಆರು ಗಂಟೆಗೆ ದೊಡ್ಡಮುನಿಯಮ್ಮ ಬಂದು ಹಸು ಕಟ್ಟಿದಳು, ಕರೆದು ಮುಗಿಸಿದಳು, ಆದರೆ ಹೋಗಲಿಲ್ಲ. ನನ್ನ ಗಂಡ ಡಬ್ಬಿ ಹಿಡಿದು ದೇವರ ಜಗಲಿಗೂ ಕೋಣೆಯ ಬಾಗಿಲಿಗೂ ನಡುವೆ ಓಡಾಡುತ್ತಿದ್ದರು. ಬೀದಿ ತುದಿಯಲ್ಲಿ ಬಸ್ಸು ಒಮ್ಮೆ ಹಾರನ್ ಹೊಡೆಯಿತು, ಎರಡನೆಯ ಸಲ ಉದ್ದಕ್ಕೆ ಹೊಡೆಯಿತು. "ಹೋಗ್ರೀ," ಅಂದೆ. ಅವರು ಕದಲಲಿಲ್ಲ. ಬಸ್ಸು ಹೊರಟುಹೋಯಿತು. ಒಂದು ದಿನವೂ ಡ್ಯೂಟಿ ತಪ್ಪಿಸಿದವರಲ್ಲ.

ಚಿಲಕ ತೆಗೆದ ಸದ್ದಾದಾಗ ಗಡಿಯಾರದಲ್ಲಿ ಆರೂ ಇಪ್ಪತ್ತೇಳು. ಅತ್ತೆ ಇಳಕಲ್ ಸೀರೆ ಉಟ್ಟಿದ್ದರು. ನಾನು ಒಂದು ದಿನವೂ ಹಿಡಿಯದಂಥ ನಿರಿಗೆ, ಹಣೆಯ ತುಂಬ ವಿಭೂತಿ. ಕೊರಳ ಕೆಳಗೆ ಬಿಳಿ ಬಟ್ಟೆ, ಅದಕ್ಕೆ ಹಸುವಿನ ಗಂಟು, ಬಾಲ ಕುಣಿಕೆಯೊಳಗೆ. ಪಕ್ಕದಲ್ಲಿ ಕಲ್ಲು ಇರಲಿಲ್ಲ. ಹಿಂದಿನ ದಿನದ ಪೂಜೆ ಮುಗಿಸುವಾಗಲೇ ಲಿಂಗಕ್ಕೆ ಈ ಗಂಟು ಹಾಕಿಕೊಂಡಿದ್ದರಂತೆ.

"ಪೂಜಿ ಆತು," ಅಂದರು.

"ಗಟ್ಟಿ ಐತೇನ್ ಯವ್ವಾ?" ನನ್ನ ಗಂಡ ಗಂಟಿನ ಹತ್ತಿರಕ್ಕೆ ಬಗ್ಗಿ ನೋಡಿದರು. "ಇನ್ನೊಮ್ಮೆ ಬಿಚ್ಚಿ ತೋರಸು."

"ಸಲಸಲಾ ಬಿಚ್ಚಾಕ ಇದೇನ್ ಆಟ ಏನೋ?" ಅಂದವರೇ ಅಂಗಳಕ್ಕೆ ಇಳಿದರು. ಅರವತ್ತೆರಡು ವರ್ಷದ ಹೆಂಗಸು, ಊದಿದ ಮಂಡಿಯವರು, ಸೆರಗು ಬಿಗಿದುಕೊಂಡು ಮೂರು ಸಲ ಕುಪ್ಪಳಿಸಿದರು. ದೊಡ್ಡಮುನಿಯಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಬಿಳಿ ಬಟ್ಟೆ ಎದ್ದು ಎದೆಗೆ ಬಡಿಯಿತು, ಗಂಟು ಇದ್ದಲ್ಲೇ ಇತ್ತು. ನನಗೆ ಹುಚ್ಚು ಸಂತೋಷವಾಗಿ ದೊಡ್ಡಮುನಿಯಮ್ಮನನ್ನೇ ತಬ್ಬಿಕೊಂಡೆ. ಹಾಲು ಚೆಲ್ಲಿತು.

ಅತ್ತೆ ಮೆಟ್ಟಿಲ ಮೇಲೆ ಕೂತು, "ಶಿವಲಿಂಗವ್ವಾ, ನೀರ ಕೊಡವಾ," ಅಂದರು.

ಲೋಟ ತಂದುಕೊಟ್ಟೆ. ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಒಂದೇ ಗುಟುಕಿಗೆ ಕುಡಿದರು. ಇನ್ನೊಂದು ಕೇಳಿದರು. ಅದೂ ಹಾಗೇ ಹೋಯಿತು. ಗಂಟಲು ಏರಿಳಿಯುವುದನ್ನು ನೋಡುತ್ತ ನನ್ನ ಸಂತೋಷದ ನಡುವೆಯೇ ಏನೋ ಚುಚ್ಚಿತು. ಕಳೆದ ಒಂದು ವರ್ಷ ದಿನಾ ಈ ಹೊತ್ತಿಗೆ ನಾನು ಒಲೆಯ ಮುಂದೆ ಎರಡನೆಯ ಲೋಟ ಚಹಾ ಕುಡಿಯುತ್ತಿದ್ದೆ. ಗೋಡೆಯಾಚೆ ಇವರು ಹತ್ತು ಗಂಟೆಯವರೆಗೆ ಹಲ್ಲಿನಲ್ಲಿ ಬಟ್ಟೆ ಕಚ್ಚಿಕೊಂಡು ಕೂತಿರುತ್ತಿದ್ದರು. ಇದು ನಿಯಮ ಅಂತ ನನಗೆ ಗೊತ್ತಿತ್ತು. ಅವರಿಗೆ ಬಾಯಾರುತ್ತದೆ ಅಂತ ಹೊಳೆದಿರಲಿಲ್ಲ.

"ಇನ್ನೊಂದೀಟು," ಅಂದರು ಅತ್ತೆ.

ನಾನು ಲೋಟಕ್ಕೆ ಕೈ ಚಾಚುವ ಮೊದಲೇ ನನ್ನ ಗಂಡ ಡಬ್ಬಿ ಕೆಳಗಿಟ್ಟು ಒಳಗೆ ಹೋದರು. ಲೋಟವನ್ನು ಅಲ್ಲೇ ಬಿಟ್ಟು, ಹೂಜಿಯನ್ನೇ ಎತ್ತಿಕೊಂಡು ಬಂದು ಅಮ್ಮನ ಪಕ್ಕ ಮೆಟ್ಟಿಲ ಮೇಲೆ ಕೂತರು.